ಎಂ.ಜಿ. ಅಂದ್ರ ಯಾರು

ಆ ದಿನದ ಅಷ್ಟೂ ಗೋಳಿಗೆ ಕಾರಣವಾದದ್ದು ಪೇಢೆಗಿಂತ ತುಸುವೇ ಅಗಲವಾದ ಒಂದು ಬಿಲ್ಲೆ. ಎಂಟು ಮೂಲೆಯ ಆ ಬಿಲ್ಲೆಯ ಮೇಲೆ ಎರಡೇ ಎರಡು ಇಂಗ್ಲಿಷ್ ಅಕ್ಷರ: ಎಂ ಮತ್ತು ಜಿ. ಎಷ್ಟೋ ವರ್ಷ ಜಂಗು ತಿಂದು, ದೂಳು ಕುಡಿದು, ಯಾರ ಕಣ್ಣಿಗೂ ಬೀಳದೆ ಮಲಗಿದ್ದ ಅದನ್ನು ಸಿಂದಗಿಯ ಮೆಕ್ಯಾನಿಕ್ ಶಮಶುದ್ದೀನ ಹುಣಸೆಹಣ್ಣು ಹಚ್ಚಿ ತಿಕ್ಕಿ ಕಣ್ಣು ಕುಕ್ಕುವಂತೆ ಮಾಡಿಟ್ಟಿದ್ದ. ಅವನು ಅದೊಂದನ್ನು ತಿಕ್ಕದೆ ಬಿಟ್ಟಿದ್ದರೆ ಇಂಡಿ ಊರಿನ ರಾಮಚಂದ್ರ ಜಹಗೀರದಾರರು ಸುಖವಾಗಿ ಹೋಗಿ ಸುಖವಾಗಿ ಮನೆ ಸೇರುತ್ತಿದ್ದರು.

ಬಿಲ್ಲೆಯ ಹಿಂದೆ ಒಂದು ಕಾರಿತ್ತು. ಕೆಂಪು ಬಣ್ಣದ್ದು, ಎರಡೇ ಸೀಟಿನದು, ತಲೆಯ ಮೇಲೆ ಸೂರಿಲ್ಲದ್ದು. ಕಪ್ಪೆಯ ಕಣ್ಣಿನಂಥ ಎರಡು ದೀಪ, ಕುದುರೆಯ ಮೂತಿಯಂತೆ ಮುಂದಕ್ಕೆ ಚಾಚಿದ ಬಾನೆಟ್ಟು, ಗಾಲಿಗಳ ಮೇಲಿಂದ ಅಲೆಯಂತೆ ಇಳಿದುಬಂದ ಮಡ್‌ಗಾರ್ಡು, ಬೆನ್ನಿಗೆ ಮೂಟೆಯಂತೆ ಕಟ್ಟಿಕೊಂಡ ಪೆಟ್ರೋಲ್ ಟಾಕಿ. ಬಾಗಿಲುಗಳು ಲೋಕದ ಬಾಗಿಲುಗಳಂತಲ್ಲ, ಹಿಂದುಮುಂದಾಗಿ ತೆರೆಯುತ್ತಿದ್ದವು. ಪೆಟ್ರೋಲ್ ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳು ಕೂಡ ಇರಲಿಲ್ಲ. ಟಾಕಿಯೊಳಗೆ ಕಡ್ಡಿ ಇಳಿಬಿಟ್ಟು ನೋಡಬೇಕು.

ಎರಡನೆಯ ಮಹಾಯುದ್ಧ ಮುಗಿದು ಇಂಗ್ಲೆಂಡಿನಲ್ಲಿ ಸಕ್ಕರೆಗೂ ರೇಷನ್ ಇದ್ದ ಕಾಲದಲ್ಲಿ ಅಲ್ಲಿಯ ಸಣ್ಣ ಊರೊಂದರ ಕಾರ್ಖಾನೆ ಇಂಥ ಪುಟ್ಟ ಕಾರುಗಳನ್ನು ಮಾಡಿ ಹಡಗು ಹತ್ತಿಸುತ್ತಿತ್ತು. ಯುದ್ಧಕ್ಕೆ ಬಂದಿದ್ದ ಅಮೆರಿಕದ ಹುಡುಗರು ಅವುಗಳ ಹುಚ್ಚು ಹತ್ತಿಸಿಕೊಂಡು ಊರಿಗೆ ಮರಳಿದ್ದರು. ಮಂಚದಷ್ಟು ಅಗಲದ ಕಾರುಗಳ ಆ ದೇಶದಲ್ಲಿ ಈ ಮಿಡತೆಯಂಥ ಗಾಡಿಗೆ ಜನ ಸಾಲು ನಿಂತರಂತೆ. ಅಂಥ ಸಾವಿರಾರರಲ್ಲಿ ಒಂದು, ದಾರಿ ತಪ್ಪಿದ ಕೂಸಿನಂತೆ ಮುಂಬೈಯಲ್ಲಿಳಿದು, ಸೊಲ್ಲಾಪುರದ ಗಿರಣಿಯೊಂದರ ಇಂಗ್ಲಿಷ್ ಮ್ಯಾನೇಜರನ ಕೈಸೇರಿ, ಅವನು ತನ್ನ ದೇಶಕ್ಕೆ ಹೊರಟಾಗ ಇಂಡಿಯ ಡಾಕ್ಟರ್ ವಾಸುದೇವರಾಯರ ಅಂಗಳಕ್ಕೆ ಬಂದು ನಿಂತಿತ್ತು. ವಾಸುದೇವರಾಯರು ರಾಮಚಂದ್ರರ ತಂದೆ.

ಬಸ್ಸು ಕಾಣದ ಹಳ್ಳಿಗಳ ಕಾಲ ಅದು. ಹೆರಿಗೆ ಎಂದರೂ ಹಾವು ಕಚ್ಚಿತೆಂದರೂ ಡಾಕ್ಟರು ಆ ಕೆಂಪು ಗಾಡಿ ಹತ್ತಿ ಹೊರಡುತ್ತಿದ್ದರು. ಒಂದು ಸೀಟು ಅವರದು, ಇನ್ನೊಂದು ಕರೆಯಲು ಬಂದವನದು. ಸೀಟುಗಳ ಹಿಂದಿನ ಕಿಷ್ಕಿಂಧೆಯಲ್ಲಿ, ಔಷಧದ ಪೆಟ್ಟಿಗೆಯ ಪಕ್ಕ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಪುಟ್ಟ ರಾಮಚಂದ್ರ. ಲಿಂಬೆ ತೋಟಗಳ ನಡುವಿನ ಹಾದಿಯಲ್ಲಿ ಗಾಳಿ ಮುಖಕ್ಕೆ ಅಪ್ಪಳಿಸುತ್ತಿತ್ತು. ಹೂವಿನ ಕಾಲವಾದರೆ ಇಡೀ ಗಾಡಿಯೇ ಲಿಂಬೆಹೂವಿನ ವಾಸನೆ. ಮುಂದೆ ಅಪ್ಪನ ಕತ್ತು, ಅದರ ಮೇಲೆ ಬಿಳಿ ಕರವಸ್ತ್ರ. ಜನ ಅವರನ್ನು ಮೋಟಾರ್ ಡಾಕ್ಟರು ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಗಾಡಿ ಹಿತ್ತಲ ಕೊಟ್ಟಿಗೆ ಸೇರಿತು.

ಅದನ್ನು ಎಬ್ಬಿಸಿದವರು ಬಸವನ ಬಾಗೇವಾಡಿಯ ಅತ್ಯಾ. ಡಾಕ್ಟರ ತಂಗಿ ರಂಗೂಬಾಯಿ, ತೊಂಬತ್ತರ ಹತ್ತಿರದವರು. ಕಳೆದ ದೀಪಾವಳಿಯಂದು ಫೋನಿನಲ್ಲಿ, "ರಾಮೂ, ಅಣ್ಣನ ಗಾಡ್ಯಾಗ ಒಂದ ಸಲ ಕೂತು ಊರು ಸುತ್ತಿ ಬಂದೆ ಅಂದ್ರ, ಆಮ್ಯಾಲೆ ದೇವರು ಯಾವಾಗ ಕರದರೂ ನಾ ತಯಾರ್ ಇದ್ದೇನಿ ನೋಡು," ಎಂದಿದ್ದರು. ರಾಮಚಂದ್ರರು ಮಾತು ಕೊಟ್ಟರು. ಗಾಡಿಯನ್ನು ಟ್ರ್ಯಾಕ್ಟರಿನ ಮೇಲೇರಿಸಿ ಸಿಂದಗಿಗೆ ಕಳಿಸಿದರು. ಶಮಶುದ್ದೀನ ಒಂದು ಮಳೆಗಾಲವಿಡೀ ಅದರ ಹೊಟ್ಟೆಯೊಳಗೆ ಕೈಹಾಕಿ ಕೂತಿದ್ದ. ಈಗ ತಯಾರಾಗಿದೆ ಎಂದು ಫೋನು ಬಂದಿತ್ತು.

"ಸೂರಿಲ್ಲದ ಗಾಡ್ಯಾಗ ನಾ ಕೂಡಂಗಿಲ್ಲ," ಎಂದಳು ಹೆಂಡತಿ ಮುಕ್ತಾ. "ನಾ ಬಸ್ಸಿಗೆ ಹೋಗಿ ಅತ್ಯಾನ ಮನ್ಯಾಗ ಇರ್ತೇನಿ. ನೀವು ಬರ್ತೀರೋ, ಗಾಡಿ ನಿಮ್ಮನ್ನ ಹೊತ್ತು ತರ್ತದೋ, ನೀವ ಅದನ್ನ ಹೊತ್ತು ತರ್ತೀರೋ, ನೋಡೋಣು."

ಖಾಲಿ ಉಳಿದ ಇನ್ನೊಂದು ಸೀಟಿಗೆ ಯಾರೂ ಕರೆಯದೆಯೇ ಕಲ್ಮೇಶ ತಯಾರಾದ. ಪಕ್ಕದ ಮನೆಯವನು, ಲಿಂಬೆಯ ವ್ಯಾಪಾರಿ, ಓಣಿಯ ಯುವಕ ಸಂಘದ ಅಧ್ಯಕ್ಷ. ಯುವಕನಾಗಿರುವುದು ಬಿಟ್ಟು ಹತ್ತು ವರ್ಷವಾದರೂ ಅಧ್ಯಕ್ಷಗಿರಿ ಬಿಟ್ಟಿರಲಿಲ್ಲ. ಕೈಯಲ್ಲಿ ಸದಾ ಫೋನು. ಊರಲ್ಲಿ ಎಮ್ಮೆ ಈದರೂ ಅದರ ವಿಡಿಯೋ ಅವನ ಗ್ರೂಪಿನಲ್ಲಿ ಮೊದಲು ಬರುತ್ತಿತ್ತು.

ರಾಮಚಂದ್ರರ ಬಗೆಗೂ ಒಂದು ಮಾತು ಹೇಳಬೇಕು. ಟೆಲಿಫೋನ್ ಕಚೇರಿಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಊರಿನವರ ಮಾತನ್ನೆಲ್ಲ ಒಬ್ಬರಿಂದೊಬ್ಬರಿಗೆ ಮುಟ್ಟಿಸುವುದರಲ್ಲೇ ಆಯುಷ್ಯ ಕಳೆದ ಅವರಿಗೆ ತಮ್ಮ ಮಾತನ್ನು ಯಾರಿಗಾದರೂ ಮುಟ್ಟಿಸುವ ಕಲೆ ಮಾತ್ರ ಒಲಿದಿರಲಿಲ್ಲ.

ಸಿಂದಗಿಯ ಗ್ಯಾರೇಜಿನಲ್ಲಿ ಶಮಶುದ್ದೀನ ಗಾಡಿಯ ಮೇಲಿನ ಬಟ್ಟೆ ಸರಿಸಿದ. "ಮದುಮಗಳು ಆಗೇತಿ ನೋಡ್ರಿ ಸರ."

ಸ್ಟೇರಿಂಗಿನ ಮೇಲೆ ಅಪ್ಪನ ಹೆಬ್ಬೆರಳು ಸವೆಸಿದ ಜಾಗವನ್ನು ರಾಮಚಂದ್ರರು ಮುಟ್ಟಿ ನೋಡುತ್ತಿರುವಾಗ, ಕಲ್ಮೇಶ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಲ್ಲೆ ನೋಡುತ್ತಿದ್ದ.

"ಕಾಕಾ, ಎಂ.ಜಿ. ಅಂದ್ರ ಯಾರ್ರಿ?"

"ಯಾರು ಅಲ್ಲೋ, ಏನು ಅಂತ ಕೇಳು. ಮೋರಿಸ್ ಗ್ಯಾರೇಜಸ್. ಮೋರಿಸ್ ಅನ್ನಾಂವಂದು ಒಂದು ಗ್ಯಾರೇಜ್ ಇತ್ತು. ಅದರ ಹೆಸರು."

ಶಮಶುದ್ದೀನ ನಕ್ಕುಬಿಟ್ಟ. "ಗ್ಯಾರೇಜಿನ ಹೆಸರು ಯಾರರ ಗಾಡಿ ಮ್ಯಾಲೆ ಹಾಕ್ತಾರೇನ್ರಿ ಸರ? ನಾ ಗ್ಯಾರೇಜ್ ಹಾಕಿ ಇಷ್ಟು ವರ್ಷ ಆತು, ಒಂದ ಗಾಡಿ ಮ್ಯಾಲೂ ನನ್ನ ಹೆಸರಿಲ್ಲ."

ಕಲ್ಮೇಶನ ಮುಖದ ಮೇಲೆ ನಿಧಾನವಾಗಿ ಬೆಳಕು ಹರಿಯಿತು. "ವಿಜಯಪುರದಾಗ ಎಂ.ಜಿ. ರೋಡ್ ಐತಿ. ಬೆಂಗಳೂರಾಗೂ ಐತಿ. ಅವೇನು ಮೋರಿಸನ ರೋಡೇನ್ರಿ ಕಾಕಾ? ಎಂ.ಜಿ. ಅಂದ್ರ ಮಹಾತ್ಮಾ ಗಾಂಧಿ. ಇದು ಗಾಂಧೀಜಿ ಗಾಡಿ ಐತಿ."

"ಹುಚ್ಚ ಹಿಡದದ ಏನು ನಿನಗ? ಗಾಡಿ ಐವತ್ತೊಂದನೇ ಇಸ್ವೀದು. ಗಾಂಧೀಜಿ ನಲವತ್ತೆಂಟರಾಗ ತೀರಿಕೊಂಡ್ರು."

"ಮೊದಲ ಬುಕ್ ಮಾಡಿರ್ತಾರ್ರೀ," ಎಂದ ಕಲ್ಮೇಶ. "ಡೆಲಿವರಿ ತಡಾ ಆಗಿರ್ತೈತಿ. ಈಗೂ ಆಗ್ತೈತಲ್ರೀ."

ರಾಮಚಂದ್ರರು ಉತ್ತರ ಹುಡುಕುವಷ್ಟರಲ್ಲಿ ಕಲ್ಮೇಶ ಫೋನು ಎತ್ತಿ ಹಿಡಿದು, "ಬಂಧುಗಳೇ, ಇವತ್ತು ನಮ್ಮ ನಾಡಿನ ಸೌಭಾಗ್ಯ," ಎಂದು ಸುರುಮಾಡಿ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿಯಾಗಿತ್ತು.

ಸಿಂದಗಿ ದಾಟುವ ಮೊದಲೇ ಅದರ ಫಲ ಕಾಣತೊಡಗಿತು. ಪೆಟ್ರೋಲ್ ಬಂಕಿನಲ್ಲಿ ಅವರು ಕಡ್ಡಿ ಇಳಿಬಿಟ್ಟು ಟಾಕಿ ನೋಡುತ್ತಿದ್ದಾಗ, ಅಲ್ಲಿಯ ಹುಡುಗಿಯೊಬ್ಬಳು ದೇವರ ಫೋಟೋದ ಮೇಲಿನ ಚೆಂಡುಹೂವಿನ ಮಾಲೆ ತಂದು ಬಾನೆಟ್ಟಿನ ಮೇಲಿಟ್ಟು ಕೈಮುಗಿದಳು. ಸಾಲಿನಲ್ಲಿದ್ದ ಬೈಕಿನವನೊಬ್ಬ ಅನುಮಾನ ಎತ್ತಿದ: "ಎಂ.ಜಿ. ಅಂತ ಈಗ ದೊಡ್ಡ ದೊಡ್ಡ ಗಾಡಿ ಬಂದಾವಲ್ರಿ?"

"ಇವರ ಹೆಸರ ಮ್ಯಾಲೇ ಇಟ್ಟಾರ," ಎಂದ ಕಲ್ಮೇಶ. "ರಸ್ತಾಕ್ಕ ಇಡಂಗಿಲ್ಲೇನು? ಹಂಗ."

"ಎರಡ ಸೀಟು ಅದಾವಲ್ಲ?"

"ಒಂದು ಬಾಪೂಗ, ಒಂದು ಚರಕಾಕ್ಕ."

ಬೈಕಿನವನು ಸಮಾಧಾನಗೊಂಡು ಬಾಗಿಲಿಗೆ ಹಣೆ ಹಚ್ಚಿದ. ರಾಮಚಂದ್ರರು, "ಇದು ನಮ್ಮಪ್ಪನ ಗಾಡಿ," ಎಂದರು. ಹಿಂದಿನ ಲಾರಿಯ ಹಾರ್ನಿನಲ್ಲಿ ಅದು ಮುಳುಗಿಹೋಯಿತು.

ದೇವರ ಹಿಪ್ಪರಗಿ ಮುಟ್ಟುವ ಹೊತ್ತಿಗೆ ರಸ್ತೆಯ ಎರಡೂ ಬದಿಗೆ ಸಾಲಿಯ ಮಕ್ಕಳು ನಿಂತಿದ್ದರು. ರಸ್ತೆಯ ನಟ್ಟನಡುವೆ ಕೈಯಗಲಿಸಿ ನಿಂತವರು ಹೆಡ್‌ಮಾಸ್ತರ ಅನೀಲಕುಮಾರ. ಕೆಡವಿಕೊಂಡು ಹೋಗುವುದೊಂದೇ ಬೇರೆ ದಾರಿಯಾಗಿದ್ದುದರಿಂದ ರಾಮಚಂದ್ರರು ಗಾಡಿ ನಿಲ್ಲಿಸಿದರು.

"ಮಕ್ಕಳಿಗೆ ಎರಡು ಮಾತು ಹೇಳ್ರಿ ಸರ," ಎಂದರು ಮಾಸ್ತರರು.

ರಾಮಚಂದ್ರರಿಗೆ ಇದೇ ಸುಸಂಧಿ ಎನ್ನಿಸಿತು. ಓದು ಬಲ್ಲ ಮನುಷ್ಯ, ತಿಳಿದುಕೊಳ್ಳುತ್ತಾನೆ. ಅವರು ಸೀಟಿನ ಮೇಲೆ ಎದ್ದು ನಿಂತು ಎಲ್ಲವನ್ನೂ ಮೊದಲಿನಿಂದ ಹೇಳಿದರು. ಯುದ್ಧ ಮುಗಿದದ್ದು, ಬಡವಾದ ದೇಶವೊಂದು ಇದ್ದಬದ್ದ ಕಬ್ಬಿಣ ಕಟ್ಟಿಗೆ ಕೂಡಿಸಿ ಕಾರು ಕಟ್ಟಿದ್ದು, ಮನುಷ್ಯ ಬರೀ ಕೆಲಸಕ್ಕಲ್ಲದೆ ಸಂತೋಷಕ್ಕೂ ಗಾಡಿ ಓಡಿಸಬಹುದು ಎಂದು ಅದು ಲೋಕಕ್ಕೆ ಕಲಿಸಿದ್ದು, ಇದಕ್ಕೆ ಸ್ಪೋರ್ಟ್ಸ್ ಕಾರ್ ಎನ್ನುತ್ತಾರೆ ಎಂಬುದು. ಮಾತಾಡುತ್ತ ಅವರ ಕಣ್ಣು ತುಂಬಿ ಬಂತು.

ಮಾಸ್ತರರು ಮಕ್ಕಳ ಕಡೆ ತಿರುಗಿದರು. "ಕೇಳಿದ್ರೇನು ಮಕ್ಕಳ? ಯುದ್ಧ ಸಾಕು ಅಂತ ಹೇಳಿ ಗಾಂಧೀಜಿ ಕಟ್ಟಿಸಿದ ಶಾಂತಿ ಗಾಡಿ ಇದು. ಎಲ್ಲಾರೂ ಚಪ್ಪಾಳಿ ಹೊಡೀರಿ."

ಚಪ್ಪಾಳೆ ಬಿತ್ತು. ಸೀಟಿ ಕೊರಳಿಗೆ ಹಾಕಿಕೊಂಡಿದ್ದ ಆಟದ ಮಾಸ್ತರರು ಹತ್ತಿರ ಬಂದು, "ಸ್ಪೋರ್ಟ್ಸಿನ ಗಾಡಿ ಅಂದ್ರಿ. ನಮ್ಮ ಖೋಖೋ ಟೀಮ್ ಮುದ್ದೇಬಿಹಾಳಕ್ಕ ಹೋಗೂದೈತಿ. ಎಷ್ಟ ಹುಡುಗ್ರು ಹಿಡೀತಾರ್ರಿ?" ಎಂದು ವಿಚಾರಿಸಿದರು.

ಮುಂದೆ ಒಂದಷ್ಟು ದೂರ ಹೋಗುವಷ್ಟರಲ್ಲಿ ರೇಡಿಯೇಟರು ಚಹಾದ ಕಿತ್ತಲಿಯಂತೆ ಕುದಿಯಿತು. ಗಾಡಿ ತೊಗರಿ ಹೊಲದ ಬದಿಗೆ ನಿಂತಿತು. ಹೊಲದಲ್ಲಿದ್ದ ಮುದುಕನೊಬ್ಬ ಕೊಡ ಹೊತ್ತು ಬಂದ. ಹೆಸರು ಪರಶು. ನೀರು ಸುರಿಯುತ್ತ ಗಾಡಿಯ ಮೈಮೇಲೆ ಕೈಯಾಡಿಸಿದವನು ಅಲ್ಲೇ ತಡೆದು ನಿಂತ.

"ಇದು ಮೋಟಾರ್ ಡಾಕ್ಟರ ಗಾಡಿ ಅಲ್ಲೇನ್ರಿ ಯಪ್ಪಾ?"

ರಾಮಚಂದ್ರರು ಹತ್ತಿರ ಸರಿದರು. "ಹೌದು. ನಿನಗ ಹೆಂಗ ಗೊತ್ತು?"

"ನಾ ಸಣ್ಣಾಂವಿದ್ದಾಗ ನಮ್ಮವ್ವ ಎರಡನೇ ಹೆರಿಗ್ಯಾಗ ಸಾಯಾಕ ಬಿದ್ದಿದ್ಲ್ರಿ. ಮಳಿ ಹಿಡಕೊಂಡಿತ್ತು. ಈ ಗಾಡಿ ಹೊಲದ ಹಾದ್ಯಾಗ ಕೆಸರಿಗೆ ಸಿಕ್ಕೊಂತು. ನಮ್ಮಪ್ಪ ಎತ್ತ ಕಟ್ಟಿ ಎಳದಾ. ಡಾಕ್ಟರು ಗಾಡ್ಯಾಗಿಂದ ಇಳೀಲೇ ಇಲ್ರಿ, ಸ್ಟೇರಿಂಗ್ ಹಿಡಕೊಂಡು ಎತ್ತಿಗೆ ಹುರ್ ಹುರ್ ಅನಾಕತ್ತಿದ್ರು." ಮುದುಕ ನಕ್ಕ. "ನಮ್ಮವ್ವ ಆಮ್ಯಾಲೆ ಎಷ್ಟ ವರ್ಷ ಬದುಕಿದ್ಲ್ರಿ. ಈ ಕೆಂಪು ಮರೀಲಿಲ್ಲ."

ರಾಮಚಂದ್ರರು ಆ ಮುದುಕನ ಕೈ ಹಿಡಿದುಕೊಂಡರು. ಬೆಳಗಿನಿಂದ ಮೊದಲ ಸಲ ಆ ಗಾಡಿ ಅವರ ಅಪ್ಪನದಾಗಿತ್ತು. "ಕೇಳಿದೆಲ್ಲ ಕಲ್ಮೇಶ?" ಎಂದು ತಿರುಗಿದರು.

ಕಲ್ಮೇಶ ನಿಜವಾಗಿಯೂ ಕಣ್ಣೊರೆಸಿಕೊಳ್ಳುತ್ತಿದ್ದ. ಮೂಗು ಒರೆಸಿ, ಫೋನು ಮುಖಕ್ಕೆ ಹಿಡಿದು ಗದ್ಗದ ದನಿಯಲ್ಲಿ ಹೇಳಿದ: "ಬಂಧುಗಳೇ, ಈಗ ಬಂದ ಸುದ್ದಿ. ಗಾಂಧೀಜಿಯವರ ಖಾಸಗಿ ಡಾಕ್ಟರು ನಮ್ಮ ಇಂಡಿಯವರು."

ಬಾಗೇವಾಡಿ ಇನ್ನೂ ಕಾಣುವ ಮೊದಲೇ ಇಂಗಳೇಶ್ವರದ ಕಡೆಯಿಂದ ಬೈಕುಗಳ ಹಿಂಡು ಬಂದು ಗಾಡಿಯ ಮುಂದೆ ಹಿಂದೆ ಸೇರಿಕೊಂಡಿತು. ಊರ ಬಾಯಲ್ಲಿ ಬಾಜಾದವರಿದ್ದರು. ಬಿಳಿ ಟೋಪಿಗಳಿದ್ದವು. ನೆರೆದವರಲ್ಲಿ ಅರ್ಧ ಜನ ಗಾಂಧೀಜಿಗಾಗಿ ಬಂದಿದ್ದರೆ, ಉಳಿದರ್ಧ ಜನ ಆ ಕಾರಿಗಾಗಿ ಬಂದಿದ್ದರು ಎಂಬುದು ಅವರ ಕಣ್ಣು ನೋಡಿದರೆ ತಿಳಿಯುತ್ತಿತ್ತು. ಬಾಗಿಲು ಹಿಂದುಮುಂದಾಗಿ ತೆರೆಯುವುದನ್ನು ನೋಡಲು ಜನ ಒಬ್ಬರ ಹೆಗಲ ಮೇಲೊಬ್ಬರು ಏರಿದರು. ಮುದ್ದೇಬಿಹಾಳಕ್ಕೆ ಹೊರಟಿದ್ದ ಬಸ್ಸು ಅಡ್ಡಗಟ್ಟಿ ನಿಂತು, ಅದರ ಡ್ರೈವರನೂ ಇಳಿದು ಬಂದು ಗೇರ್ ಮುಟ್ಟಿ ಹೋದ.

ನಡಿಗೆಯ ವೇಗದ ಮೆರವಣಿಗೆ ಗಾಡಿಗೆ ಒಗ್ಗಲಿಲ್ಲ. ಓಡಲೆಂದು ಹುಟ್ಟಿದ ಜೀವ. ಡೊಳ್ಳಿನ ಹಿಂದೆ ತೆವಳಲಾರದೆ ಒಂದು ಸಲ ಕೆಮ್ಮಿ, ಇನ್ನೊಂದು ಸಲ ಸೀನಿ ಅಲ್ಲಿಗೇ ತಣ್ಣಗಾಯಿತು.

"ತಳ್ಳಿ ನಡೀರಿ," ಎಂದು ಯಾರೋ ಕೂಗಿದರು. "ಬಾಪೂ ಗಾಡಿ ತಳ್ಳೂ ಪುಣ್ಯ ಮತ್ತ ಯಾವಾಗ ಸಿಗ್ತೈತಿ?"

ಐವತ್ತು ಕೈ ಬಿದ್ದವು. ಗಾಡಿ ಬೆಳಗಿನಿಂದ ಓಡಿದ್ದಕ್ಕಿಂತ ಜೋರಾಗಿ ಹೋಗಿ ಅತ್ಯಾನ ಮನೆಯ ಮುಂದೆ ನಿಂತಿತು.

ಕಟ್ಟೆಯ ಮೇಲೆ ನೇರಳೆ ಬಣ್ಣದ ಇಳಕಲ್ ಸೀರೆ ಉಟ್ಟ ರಂಗೂಬಾಯಿ, ಪಕ್ಕದಲ್ಲಿ ಬಸ್ಸಿನಲ್ಲಿ ಬಂದು, ಊಟ ಮಾಡಿ, ಒಂದು ನಿದ್ದೆಯನ್ನೂ ಮುಗಿಸಿದ್ದ ಮುಕ್ತಾ. ಗಂಡನ ಕೊರಳಿನ ಹಾರಗಳನ್ನು ನೋಡಿ ಅವಳು, "ಇದೇನ್ರಿ, ಇಲೆಕ್ಷನ್ನಿಗೆ ನಿಂತೀರೇನು?" ಎಂದಳು.

ರಾಮಚಂದ್ರರು ಅತ್ಯಾನ ಕೈಹಿಡಿದು ಇಳಿಸಿ ಸೀಟಿನಲ್ಲಿ ಕೂರಿಸಿದರು. ರಂಗೂಬಾಯಿ ಸೀಟು ಮುಟ್ಟಿದರು, ಮುಂದಿನ ಗಾಜು ಮುಟ್ಟಿದರು, ಆಮೇಲೆ ಸೆರಗು ಸರಿಪಡಿಸಿ ನೆಟ್ಟಗೆ ಕೂತರು. ಜನ ಮತ್ತೆ ತಳ್ಳಿದರು. ಗಾಡಿ ಗುಡಿಯ ತನಕ ಹೋಗಿ ತಿರುಗಿ ಬಂತು. ದಾರಿಯುದ್ದಕ್ಕೂ ಅವರು ಎಡಕ್ಕೂ ಬಲಕ್ಕೂ ಕೈಯೆತ್ತುತ್ತಿದ್ದರು.

"ಇಂಜಿನ್ ಬಂದ್ ಆತು ಅತ್ಯಾ," ಎಂದರು ರಾಮಚಂದ್ರರು ಅಪರಾಧಿಯಂತೆ. "ತಳ್ಳಿಸಿಕೊಂಡು ಹೋಗಬೇಕಾತು."

"ಅಣ್ಣಾ ಇದ್ದಾಗೂ ಅರ್ಧಾ ಹಾದಿ ಹಿಂಗ ಹೋಗ್ತಿತ್ತೋ," ಎಂದರು ರಂಗೂಬಾಯಿ. "ಭಾಳ ಛಲೋ ಆತು."

ಅಷ್ಟರಲ್ಲಿ ಮೈಕು ಬಂದಿತ್ತು. ಕಲ್ಮೇಶ ಅದನ್ನು ಊದಿ ಪರೀಕ್ಷಿಸುತ್ತಿದ್ದ. ರಾಮಚಂದ್ರರು ಅದನ್ನು ಅವನ ಕೈಯಿಂದ ಕಿತ್ತುಕೊಂಡರು. ಜೀವಮಾನದಲ್ಲಿ ಅವರು ಯಾರಿಂದಲೂ ಏನನ್ನೂ ಕಿತ್ತುಕೊಂಡವರಲ್ಲ. ಹಾಗಾಗಿ ಜನ ಒಮ್ಮೆಲೇ ಸುಮ್ಮನಾದರು.

"ನೋಡ್ರಿ," ಎಂದರು ಅವರು. "ಗಾಂಧೀಜಿ ಮ್ಯಾಲೆ ನನಗೂ ಅಷ್ಟೇ ಭಕ್ತಿ ಅದ. ಆದ್ರ ಈ ಗಾಡಿ ಅವರ್ದಲ್ಲ. ನಮ್ಮಪ್ಪ ಡಾಕ್ಟರ್ ವಾಸುದೇವರಾಯರದು. ನನ್ನ ಮಾತು ನಂಬೂದು ಬ್ಯಾಡ. ಇವರು ಡಾಕ್ಟರ ಸ್ವಂತ ತಂಗಿ. ಇವರ ಬಾಯಿಂದ ಕೇಳ್ರಿ. ಅತ್ಯಾ, ಈ ಎಂ.ಜಿ. ಅಂದ್ರ ಯಾರು, ಹೇಳ್ರಿ."

ರಂಗೂಬಾಯಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದರು. ಜನವನ್ನೂ ಗಾಡಿಯನ್ನೂ ಒಮ್ಮೆ ನೋಡಿದರು.

"ಮಹಾತ್ಮಾ ಗಾಂಧಿ," ಎಂದರು.

ಬಾಜಾ ಬಿದ್ದಿತು. ಜೈಕಾರ ಎದ್ದಿತು. ರಾಮಚಂದ್ರರು ಕಟ್ಟೆಯ ಮೇಲೆ ಹೋಗಿ ಕೂತರು. ತಮ್ಮ ಮನೆಯವರೇ ಹೀಗೆ ಮಾಡಿದರೆ ಹೊರಗಿನವರನ್ನು ಯಾವ ಬಾಯಲ್ಲಿ ಬೈಯುವುದು?

ಜನ ಚದುರಿದ ಮೇಲೆ ಒಳಗೆ ಚಹಾ ಕುಡಿಯುತ್ತ ಅವರು ಕೇಳಿದರು. "ಅತ್ಯಾ, ಹಂಗ್ಯಾಕ ಸುಳ್ಳ ಹೇಳಿದ್ರಿ?"

ರಂಗೂಬಾಯಿ ಬಸಿಯಲ್ಲಿ ಚಹಾ ಆರಿಸುತ್ತ ನಕ್ಕರು. "ಅದು ನಂದಲ್ಲೋ, ನಿಮ್ಮಪ್ಪನ ಸುಳ್ಳು. ನಿಮ್ಮಜ್ಜಾನ್ನ ನೀ ನೋಡಿಲ್ಲ. ಖಾದಿ ಬಿಟ್ಟು ಬ್ಯಾರೆ ಬಟ್ಟಿ ಮೈಗೆ ತಾಗಿಸಿದವರಲ್ಲ. ಅಣ್ಣಾ ಸೊಲ್ಲಾಪುರದಿಂದ ಈ ಗಾಡಿ ತಂದು ನಿಲ್ಲಿಸಿದ ದಿನಾ, ಅಪ್ಪಾ ಕೋಲು ಹಿಡಕೊಂಡು ತಲಬಾಗಿಲಾಗ ನಿಂತ್ರು. ಇಂಗ್ರೇಜರನ್ನ ಹೊರಗ ಹಾಕಿ ಇನ್ನೂ ಹತ್ತು ವರ್ಷ ಆಗಿಲ್ಲ, ಅವರ ಮೋಟಾರು ನನ್ನ ಅಂಗಳದಾಗ ಬರಂಗಿಲ್ಲ ಅಂದ್ರು."

"ಆಮ್ಯಾಲೆ?"

"ಅಣ್ಣಾ ಅವರ ಕೈ ಹಿಡದು ಕರಕೊಂಡು ಹೋಗಿ ಆ ಬಿಲ್ಲಿ ತೋರಿಸಿದಾ. ಅಪ್ಪಾ, ಓದಿ ನೋಡ್ರಿ ಅಂದಾ. ಅಪ್ಪನಿಗೆ ಇಂಗ್ಲಿಷ್ ಅಕ್ಷರ ಅಷ್ಟ ಬರ್ತಿದ್ವು. ಎಂ. ಜಿ. ಅಂತ ಓದಿದ್ರು. ಎರಡ ಸಲ ಓದಿದ್ರು. ಟೊಪಗಿ ತಗದ್ರು, ಕೋಲು ಬದಿಗಿಟ್ರು, ಒಳಗ ಹೋಗಿ ಕುಂಕುಮದ ಭರಣಿ ತಂದ್ರು. ಅವರು ಇರೂತನಕಾ ದಿನಾ ಸ್ನಾನ ಆದ ಮ್ಯಾಲೆ ಆ ಗಾಡಿಗೆ ಒಂದ ನಮಸ್ಕಾರ. ನಾ ಎಲ್ಲಿ ಬಾಯಿ ಬಿಡ್ತೇನೋ ಅಂತ ಅಣ್ಣಾ ನನ್ನ ಕಡೆ ಆಣಿ ಮಾಡಿಸಿಕೊಂಡಿದ್ದಾ. ಯಾರರ ಕೇಳಿದ್ರ ಇದನ್ನ ಹೇಳಬೇಕು ಅಂತ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಇವತ್ತು ನೀನ ಕೇಳಿದಿ."

ರಾಮಚಂದ್ರರು ಬಹಳ ಹೊತ್ತು ನಕ್ಕರು. ಬಿಳಿ ಕರವಸ್ತ್ರದ ಆ ಗಂಭೀರ ಕತ್ತಿನ ಮುಂದುಗಡೆ ಇಂಥ ತುಂಟ ಮುಖವೊಂದಿತ್ತೆಂದು ಅವರಿಗೆ ತಿಳಿದಿರಲಿಲ್ಲ. ದಿನವಿಡೀ ಅಪ್ಪನ ಹೆಸರು ಉಳಿಸಲು ಹೆಣಗಿದ್ದೇ ಬಂತು. ಅಪ್ಪ ತಾನೇ ಅದನ್ನು ಅಳಿಸಿ ಮಹಾತ್ಮನ ಹೆಸರು ಬರೆದು ಹೋಗಿದ್ದ.

ಇಳಿಹೊತ್ತಿ‌ಗೆ ಗಾಡಿ ತಣಿದು ಸುರುವಾಯಿತು. ಮುಕ್ತಾ ಎರಡು ದಿನ ಅತ್ಯಾನ ಹತ್ತಿರವೇ ಇರುವೆನೆಂದಳು. ರಾಮಚಂದ್ರರು ಹಗುರ ಮನಸ್ಸಿನಿಂದ ಇಂಡಿಯ ದಾರಿ ಹಿಡಿದರು. ಪಕ್ಕದಲ್ಲಿ ಕಲ್ಮೇಶ ತನ್ನ ವಿಡಿಯೋ ಎಷ್ಟು ಜನ ನೋಡಿದರೆಂದು ಬೆರಳು ಮಡಚುತ್ತಿದ್ದ. ಇನ್ನು ಯಾರೇ ಕೇಳಲಿ, ಅಪ್ಪ ಹೇಳಿದ್ದನ್ನೇ ಹೇಳುವುದು, ಆರಾಮಾಗಿರುವುದು ಎಂದು ಅವರು ನಿಶ್ಚಯಿಸಿದ್ದರು.

ದೇವರ ಹಿಪ್ಪರಗಿಗೆ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆಯ ಬದಿಗೆ ನಿಂತಿದ್ದ ಜೀಪಿನ ಹತ್ತಿರದಿಂದ ಒಂದು ಕೈ ಮೇಲೆದ್ದಿತು. ವಾಹನ ತಪಾಸಣೆಯ ಇನ್‌ಸ್ಪೆಕ್ಟರ್. ಎದೆಯ ಮೇಲೆ ಶೈಲಶ್ರೀ ಎಂಬ ಹೆಸರಿತ್ತು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಅವಳು ಗಾಡಿಯ ಸುತ್ತ ಎರಡು ಸಲ ತಿರುಗಿ ಬಂದಳು.

"ಯಾರದ್ರಿ ಈ ಗಾಡಿ?"

ರಾಮಚಂದ್ರರು ಒಂದು ಕ್ಷಣವೂ ತಡೆಯಲಿಲ್ಲ. "ಮಹಾತ್ಮಾ ಗಾಂಧಿಯವರದ್ರಿ ಬಾಯಿ. ನೋಡ್ರಿ, ಎಂ.ಜಿ. ಅಂತ ಬರದದ."

ಶೈಲಶ್ರೀ ರಾಮಚಂದ್ರರ ಮುಖವನ್ನೇ ನೋಡಿದಳು. "ಎಂ.ಜಿ. ಅಂದ್ರ ಮೋರಿಸ್ ಗ್ಯಾರೇಜಸ್. ಇದು ಟಿ.ಡಿ. ಮಾಡೆಲ್. ಎರಡು ಕಾರ್ಬ್ಯುರೇಟರ್. ಗಾಂಧೀಜಿ ಹೋದ ಮ್ಯಾಲೆ ತಯಾರಾದದ್ದು. ಬೆಳಗಾವ್ಯಾಗ ನಮ್ಮಜ್ಜಾರ ಹತ್ರ ಇಂಥದ್ದೇ ಇತ್ತು, ಹಸರು ಬಣ್ಣದ್ದು. ನಾ ಅದರಾಗ ಬೆಳದಾಕಿ."

ಬೆಳಗಿನಿಂದ ಹುಡುಕಿದಂಥ ಮನುಷ್ಯರೊಬ್ಬರು ಕೊನೆಗೆ ಸಿಕ್ಕಿದ್ದರು. ರಾಮಚಂದ್ರರಿಗೆ ಅವಳ ಕಾಲು ಹಿಡಿಯಬೇಕೆನ್ನಿಸಿತು. "ಕರೆಕ್ಟ್ ಬಾಯಿ. ಮುಂಜಾನಿಂದ ನಾನೂ ಅದನ್ನ ಹೇಳ್ಲಿಕತ್ತೇನಿ."

"ಈಗ ಗಾಂಧೀಜೀದು ಅಂದ್ರಲ್ಲ?"

"ಅದು ನಮ್ಮಪ್ಪ ಹೇಳಿದ್ದು."

"ನಿಮ್ಮಪ್ಪ ಎಲ್ಲ್ಯದಾರ?"

"ತೀರಿಕೊಂಡಾರ."

ಕಲ್ಮೇಶನಿಗೆ ತಡೆಯಲಾಗಲಿಲ್ಲ. "ಮೇಡಂ, ಗಾಂಧೀಜೀದ ಐತ್ರಿ. ಇವರ ಅತ್ಯಾ ಮೈಕಿನ್ಯಾಗ ಹೇಳ್ಯಾರ. ಇಲ್ಲಿ ನೋಡ್ರಿ," ಎಂದು ಫೋನು ಅವಳ ಕೈಗಿತ್ತ. ಅವಳು ಹಾರ, ಬಾಜಾ, ಜೈಕಾರ, ರಾಮಚಂದ್ರರು ಮೈಕು ಕಿತ್ತುಕೊಂಡದ್ದು, ಎಲ್ಲವನ್ನೂ ತಾಳ್ಮೆಯಿಂದ ನೋಡಿದಳು.

"ರಾಯರ, ಸರಳ ಐತಿ," ಎಂದಳು ಫೋನು ಹಿಂತಿರುಗಿಸುತ್ತ. "ಗಾಂಧೀಜೀದು ಅಂದ್ರ ದೇಶದ ಆಸ್ತಿ. ಹಿಂಗ ಹಾದಿ ಬೀದ್ಯಾಗ ಓಡಸಾಕ ಬರಂಗಿಲ್ಲ, ಇಲ್ಲೇ ಬಿಡಬೇಕಾಗ್ತೈತಿ. ನಿಮ್ಮದು ಅಂದ್ರ, ಗಾಂಧೀಜಿ ಹೆಸರ್ಲೆ ಊರ ಮಂದಿ ಕಡೆ ಹಾರ ಹಾಕಿಸಿಕೊಂಡೀರಿ. ಅದಕ್ಕ ಜೀಪ್ ಹತ್ತಬೇಕಾಗ್ತೈತಿ. ಎರಡರಾಗ ಯಾವದು, ಆರಾಮ ವಿಚಾರ ಮಾಡ್ರಿ."

ರಾಮಚಂದ್ರರು ಮುಂಜಾನೆಯಿಂದ ನಿಜ ಹೇಳಿದಾಗಲೆಲ್ಲ ಸುಳ್ಳು ನಂಬುವವರು ಸಿಕ್ಕಿದ್ದರು. ಇಡೀ ದಿನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದಕ್ಕೆ, ನಿಜ ಬಲ್ಲ ಒಬ್ಬಳೇ ಒಬ್ಬಳು ಎದುರು ಬಂದು ನಿಂತಿದ್ದಳು.

"ಅಲ್ಲೀಮಟಾ ಬ್ರೇಕ್ ಹಿಡೀತಾವೋ ಇಲ್ಲೋ ನೋಡ್ತೇನಿ. ಇಳೀರಿ," ಎಂದಳು ಶೈಲಶ್ರೀ. ಟೊಪ್ಪಿಗೆ ತೆಗೆದು ಜೀಪಿನಲ್ಲಿಟ್ಟಳು. ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಡಚಿದಳು. ಅದು ಹಾಗೆ ಮಡಚುತ್ತದೆ ಎಂಬುದನ್ನೇ ರಾಮಚಂದ್ರರು ಮರೆತುಬಿಟ್ಟಿದ್ದರು. ಇನ್ನೊಂದು ಸೀಟಿನಲ್ಲಿದ್ದ ಕಲ್ಮೇಶ ಇಳಿಯಲಿಲ್ಲ. ಇದನ್ನೂ ರೆಕಾರ್ಡ್ ಮಾಡಬೇಕಲ್ಲ.

ರಾಮಚಂದ್ರರು ಇಳಿದ ಸೀಟಿನಲ್ಲಿ ಅವಳು ಕೂತಳು, ಗಾಡಿ ಹೊರಟಿತು. ಮೊದಲನೇ ಗೇರು, ಎರಡನೆಯದು, ಮೂರನೆಯದು. ರಾಮಚಂದ್ರರು ದಿನವಿಡೀ ಸೈಕಲ್ಲಿನ ವೇಗ ದಾಟಿಸಿರಲಿಲ್ಲ. ಈಗ ಅದು ಗೂಳಿಯಂತೆ ಗುಟುರು ಹಾಕಿ, ಮೈ ಬಾಗಿಸಿ, ತೊಗರಿ ಹೊಲಗಳ ನಡುವಿನ ನೇರ ರಸ್ತೆಯಲ್ಲಿ ಹಾರಿತು. ಸಂಜೆಯ ಬಿಸಿಲಿನಲ್ಲಿ ಕೆಂಪು ಇನ್ನೂ ಕೆಂಪಾಗಿ, ಹಿಂದೆ ಬಂಗಾರದ ದೂಳೆದ್ದಿತು. ಈ ಗಾಡಿ ಹೋಗುವಾಗ ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ಅವರು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಯಾವಾಗಲೂ ಅದರೊಳಗೇ ಇದ್ದವರು. ಹಳ್ಳಿಯ ಜನ ಅಗಸೆಯ ಬಾಗಿಲಲ್ಲಿ ಕೆಲಸ ಬಿಟ್ಟು ಯಾಕೆ ನಿಲ್ಲುತ್ತಿದ್ದರು ಎಂಬುದು ಅವರಿಗೆ ಈಗ ತಿಳಿಯಿತು. ದೂಳು ಅಡಗಿ, ಸದ್ದು ಸಣ್ಣದಾಗಿ, ರಸ್ತೆ ಖಾಲಿಯಾದ ಮೇಲೂ ಅವರು ನೋಡುತ್ತಲೇ ನಿಂತರು.

ಗಾಡಿ ಬೇಗ ತಿರುಗಿ ಬರುವ ಲಕ್ಷಣ ಕಾಣಲಿಲ್ಲ. ಬದಿಯಲ್ಲಿ ಚಂದವ್ವ ಎಂಬ ಮುದುಕಿಯ ಚಹಾದಂಗಡಿಯಿತ್ತು. ರಾಮಚಂದ್ರರು ಹೋಗಿ ಅದರ ಬೆಂಚಿನ ಮೇಲೆ ಕೂತರು.

ಚಂದವ್ವ ಕೈಯನ್ನು ಕಣ್ಣಿಗೆ ಮರೆ ಹಿಡಿದು ರಸ್ತೆಯ ತುದಿ ನೋಡುತ್ತ ಕೇಳಿದಳು: "ಏನ್ ಚೆಂದ ಹೋತ್ರಿ ಯಪ್ಪಾ. ಯಾರ ಗಾಡಿ ಅದು?"

ರಾಮಚಂದ್ರರು ಹೇಳಲು ಹೋದರು. ನಾಲಗೆಯ ತುದಿಗೆ ಬಂದ ಹೆಸರುಗಳನ್ನು ಒಂದೊಂದಾಗಿ ನುಂಗಿದರು.

"ಗೊತ್ತಿಲ್ಲವಾ," ಎಂದರು. "ಒಂದ ಚಹಾ ಕೊಡು. ಇಂಡಿಗೆ ಕಡೀ ಬಸ್ಸು ಎಷ್ಟೊತ್ತಿಗೆ ಅದ?"